ಶಹಜಾದಬಿ ಕೇಳುವ ಆರನೇ ಪ್ರಶ್ನೆ

ಬೆಳಗಿನ ಐದೂಕಾಲು. ರಾಯಬಾಗ ತಾಲ್ಲೂಕಿನ ಪಾಲಬಾವಿಯ ಒಂದು ಮನೆಯ ಪಡಸಾಲೆ. ಎಪ್ಪತ್ತೊಂದರ ಗೌರಾಬಾಯಿ ಕಂಬಕ್ಕೆ ಒರಗಿ, ಎಡಗೈ ಚಾಚಿ ಕುಳಿತಿದ್ದಾರೆ. ಎದುರಿಗೆ ಮಣೆಯ ಮೇಲೆ ಶಹಜಾದಬಿ ನದಾಫ. ತಲೆಯ ಮೇಲೆ ಸೆರಗು, ಅದರ ಮೇಲೆ ಮಫ್ಲರ್, ಮಫ್ಲರಿನ ಮೇಲೆ ಹಣೆಗೆ ಕಟ್ಟಿಕೊಂಡ ಟಾರ್ಚು. ಪಕ್ಕದಲ್ಲಿ ಐಸ್ ತುಂಬಿದ ಬಿಳಿ ಪೆಟ್ಟಿಗೆ. ಸೂಜಿ ಇನ್ನೂ ಪೊಟ್ಟಣದಿಂದ ಹೊರಬಂದಿಲ್ಲ.

"ಎದ್ದ ಮ್ಯಾಲ ಬಾಯಾಗ ಏನೇನ ಹೋಗೇತ್ರಿ ಯವ್ವಾ?"

"ಏನೂ ಇಲ್ಲಬೇ. ನಿನ್ನಿ ಸಂಜಿಗೆ ರೊಟ್ಟಿ ತಿಂದದ್ದ ಕಡೀಕ."

ಶಹಜಾದಬಿ ತಲೆಯಾಡಿಸುತ್ತಾರೆ. ಆಮೇಲೆ ಮೊಣಕಾಲಿಗೆ ಕೈಕೊಟ್ಟು ಎದ್ದು, ಅಡುಗೆಮನೆಯ ಬಾಗಿಲಲ್ಲಿ ನಿಂತು, ಹಣೆಯ ಬೆಳಕನ್ನು ಒಳಗೆ ಒಂದು ಸುತ್ತು ತಿರುಗಿಸಿ ಬರುತ್ತಾರೆ.

"ಚಾ ಸೋಸೂ ಗಾಳಣಿ ಹಸಿ ಐತಲ್ರಿ."

"ಅದ ಸೊಸಿ ಕುಡದಾಳ."

"ಸೊಸಿ ಒಬ್ಬಾಕಿನ ಎರಡ ಕಪ್ಪ-ಬಸಿಯಾಗ ಕುಡದಾಳೇನ್ರಿ?"

ಗೌರಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಒಂದೇ ಗುಟುಕು ಎನ್ನುತ್ತಾರೆ, ಚಳಿ ಎನ್ನುತ್ತಾರೆ, ಚಹಾ ಏನು ಊಟವೇ ಎಂದು ಜಗಳಕ್ಕೇ ನಿಲ್ಲುತ್ತಾರೆ. ಶಹಜಾದಬಿ ಒಂದಕ್ಕೂ ಎದುರಾಡುವುದಿಲ್ಲ. ನೋಂದಣಿ ಪುಸ್ತಕದಲ್ಲಿ ಆ ಸಾಲಿನ ಮುಂದೆ ಪೆನ್ಸಿಲಿನಿಂದ 'ಚಾ' ಎಂದು ಬರೆದು ಪೆಟ್ಟಿಗೆ ಮುಚ್ಚುತ್ತಾರೆ. "ನಾಳಿಗಿ ಬರತೀನ್ರಿ. ನಾಳೆ ಮೊದಲ ರಗತ, ಆಮ್ಯಾಲ ಇಬ್ಬರೂ ಕೂಡೇ ಚಾ ಕುಡಿಯೂಣು." ಅಷ್ಟು ಹೇಳಿ ಪಕ್ಕದ ಮನೆಯ ಬಾಗಿಲು ತಟ್ಟಲು ಹೊರಡುತ್ತಾರೆ. ಇವತ್ತು ಒಂಬತ್ತು ಗಂಟೆಯೊಳಗೆ ಹದಿನಾರು ಮನೆ ಮುಗಿಯಬೇಕು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ - ಈ ಐದು ತಾಲ್ಲೂಕುಗಳ ಹನ್ನೆರಡು ಊರುಗಳಲ್ಲಿ ಶಹಜಾದಬಿಯ ಹೆಸರು ಗೊತ್ತಿರುವವರು ಕಡಿಮೆ. 'ರಗತದಕ್ಕ' ಎಂದರೆ ಎಲ್ಲರಿಗೂ ಗೊತ್ತು. ಚಿಕ್ಕೋಡಿಯ ಹೊರವಲಯದಲ್ಲಿರುವ ವೇದಗಂಗಾ ವೈದ್ಯಕೀಯ ಮಹಾವಿದ್ಯಾಲಯದ ಮಧುಮೇಹ ಸಂಶೋಧನಾ ವಿಭಾಗಕ್ಕೆ ಇಪ್ಪತ್ತಾರು ವರ್ಷದಿಂದ ರಕ್ತ ತಂದುಕೊಡುತ್ತಿರುವವರು ಇವರು. ಆ ರಕ್ತವನ್ನು ಆಧರಿಸಿ ವಿಭಾಗ ಮೂವತ್ತೆಂಟು ಸಂಶೋಧನಾ ಪ್ರಬಂಧಗಳನ್ನು ಪ್ರಕಟಿಸಿದೆ. ಮೂವತ್ತೆಂಟರಲ್ಲೂ ನಾನು ಇವರ ಹೆಸರು ಹುಡುಕಿದೆ. ಕೊನೆಯ ಪುಟದಲ್ಲಿ 'ಕ್ಷೇತ್ರ ಸಿಬ್ಬಂದಿಗೆ ಕೃತಜ್ಞತೆಗಳು' ಎಂಬ ಒಂದು ಸಾಲು ಸಿಕ್ಕಿತು. ನಮ್ಮ ಪತ್ರಿಕೆಗಳೇನೂ ಕಮ್ಮಿ ಇಲ್ಲ. ವಿಭಾಗದ ಬಗ್ಗೆ ಬರೆದಾಗಲೆಲ್ಲ ಬಿಳಿ ಕೋಟಿನವರನ್ನು ಸಾಲಾಗಿ ನಿಲ್ಲಿಸಿ ಫೋಟೊ ಹಾಕಿದ್ದೇವೆ. ನಾನೂ ಎರಡು ಸಲ ಹಾಕಿದ್ದೇನೆ.

ಶಹಜಾದಬಿ ಹುಟ್ಟಿದ್ದು, ಮದುವೆಯಾದದ್ದು ಎರಡೂ ನಿಪ್ಪಾಣಿ ಸಮೀಪದ ಬೋರಗಾಂವದಲ್ಲೇ. ಗಂಡ ಇಬ್ರಾಹಿಮ ವಿದ್ಯುತ್ ಮಗ್ಗದ ಕಾರ್ಮಿಕರು. ಇವರು ಎಸ್ಸೆಸ್ಸೆಲ್ಸಿ ಮುಗಿಸಿ, ಅದೇ ಮಗ್ಗದ ಶೆಡ್ಡಿನಲ್ಲಿ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದರು. ಸಂಶೋಧನಾ ವಿಭಾಗದವರು ಹಳ್ಳಿಗಳಿಗೆ ಹೊರಟಾಗ ಮನೆಯೊಳಗೆ ಹೋಗಿ ಹೆಂಗಸರ ಜೊತೆ ಕೂತು ಮಾತಾಡುವ ಒಬ್ಬರು ಬೇಕಿತ್ತು. ಕನ್ನಡ, ಮರಾಠಿ, ಉರ್ದು ಮೂರೂ ಬರುವವರು ಬೇಕಿತ್ತು. "ಮೂರ ತಿಂಗಳ ಕೆಲಸ ಅಂದಿದ್ರು. ಮೊದಲನೇ ದಿನ ರಗತ ನೋಡಿ ನಂಗ ಚಕ್ಕರ ಬಂದಿತ್ರಿ. ಡಾಕ್ಟರ ಬಾಯಾರು ಪೇಶಂಟ ಬಿಟ್ಟು ನಂಗ ನೀರ ಕುಡಿಸಿದ್ರು" ಎಂದು ನೆನೆಯುತ್ತಾರೆ. ಆಗ ಟ್ರೇ ಹಿಡಿಯುವುದು, ಹೆಸರು ಕೂಗುವುದು, ಫಾರಂ ಓದಿ ಉತ್ತರ ಬರೆದುಕೊಳ್ಳುವುದು ಮಾತ್ರ ಇವರ ಕೆಲಸ. ರಕ್ತ ತೆಗೆಯುವುದನ್ನು ಕಾಲೇಜಿನಲ್ಲೇ ಕಲಿತು, ಎರಡನೇ ಸುತ್ತಿನ ಹೊತ್ತಿಗೆ ಸೂಜಿ ಕೈಗೆ ತೆಗೆದುಕೊಂಡರು. ಅಂದಿನಿಂದ ಹನ್ನೊಂದು ಸಾವಿರಕ್ಕೂ ಹೆಚ್ಚು ಸಲ ಈ ಕೈ ನರ ಹುಡುಕಿದೆ.

ವಿಭಾಗದ ಕತೆ ಇವರಿಗಿಂತ ಹಳೆಯದು. 1986ರಲ್ಲಿ ಅದು ಕಾಲೇಜಿನ ಕೆಳಮಹಡಿಯ ಒಂದೇ ಕೋಣೆ. ಬುಧವಾರಕ್ಕೊಮ್ಮೆ ಸಕ್ಕರೆ ಕಾಯಿಲೆಯ ಚಿಕಿತ್ಸಾಲಯ. ಮೂತ್ರಕ್ಕೆ ನೀಲಿ ದ್ರಾವಣ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದರೆ, ಸಕ್ಕರೆ ಇದ್ದಷ್ಟೂ ಬಣ್ಣ ಹಸಿರು, ಹಳದಿ, ಇಟ್ಟಿಗೆ ಕೆಂಪಿಗೆ ತಿರುಗುತ್ತಿತ್ತು. ಸಂಶೋಧನೆ ಎಂದರೆ ಆ ಬಣ್ಣವನ್ನು ಪುಸ್ತಕದಲ್ಲಿ ಬರೆದಿಡುವುದು. ಆ ದೀಪ, ಕಪ್ಪಾದ ಆ ಗಾಜಿನ ನಳಿಕೆಗಳು ಈಗಲೂ ವಿಭಾಗದ ಕಪಾಟಿನಲ್ಲಿವೆ. ಇದು ಪೇಟೆಯ ರೋಗ, ಗಾದಿಯ ಮೇಲೆ ಕೂತು ವ್ಯಾಪಾರ ಮಾಡುವವರ ರೋಗ ಎಂದೇ ಆಗಿನ ಪ್ರಾಧ್ಯಾಪಕರೂ ನಂಬಿದ್ದರು. ಹಳ್ಳಿಯವರನ್ನು ಪರೀಕ್ಷಿಸಿ ನೋಡಿದವರಿರಲಿಲ್ಲ.

2000ದಲ್ಲಿ ನೋಡಿದರು. ಐದು ತಾಲ್ಲೂಕುಗಳಿಂದ ಮೂವತ್ತು ದಾಟಿದ 1,204 ಜನರನ್ನು ಆಯ್ದು, ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು, ಐದೈದು ವರ್ಷಕ್ಕೊಮ್ಮೆ ಅದೇ ಜನರ ರಕ್ತ ಪರೀಕ್ಷಿಸುವ ಯೋಜನೆ ಅದು. ಈಗ ನಡೆಯುತ್ತಿರುವುದು ಆರನೇ ಸುತ್ತು. 268 ಜನ ತೀರಿಕೊಂಡಿದ್ದಾರೆ. 57 ಜನ ಇಚಲಕರಂಜಿ, ಪುಣೆ ಎಂದು ಹೋದವರು ವಿಳಾಸಕ್ಕೆ ಸಿಗುತ್ತಿಲ್ಲ. ಕಾಗವಾಡ ಕಡೆಯ ಹೊಳೆಸಾಲಿನವರು ನೆರೆ ಬಂದು ಊರು ಬಿಟ್ಟಾಗ, ಶಹಜಾದಬಿ ಅವರ ಬೀಗರ ಮನೆಗಳನ್ನೆಲ್ಲ ಜಾಲಾಡಿ ನಲವತ್ತೊಂದು ಜನರನ್ನು ಹುಡುಕಿ ತಂದಿದ್ದರು. ಕೈ ಕೊಡಲೊಲ್ಲೆ ಎಂದವರೂ ಇದ್ದರು. ಅವರೆಲ್ಲ ಒಂದಲ್ಲ ಒಂದು ಸುತ್ತಿನಲ್ಲಿ ಮನಸ್ಸು ಬದಲಿಸಿದರು, ಒಬ್ಬರ ಹೊರತು.

ಆ ಒಬ್ಬರ ಸಂಖ್ಯೆ 417. ಅಥಣಿ ತಾಲ್ಲೂಕಿನ ತೆಲಸಂಗದ ಕುರಿಗಾರ ಬೀರದೇವ. ನೋಂದಣಿ ಪುಸ್ತಕದಲ್ಲಿ ಅವರ ಸಾಲು ವಿಚಿತ್ರವಾಗಿದೆ. ಮೊದಲ ಸುತ್ತಿನಲ್ಲಿ 134 ಎಂಬ ಅಂಕಿ (ಖಾಲಿ ಹೊಟ್ಟೆಯಲ್ಲಿ 126 ಮುಟ್ಟಿದರೆ ಕಾಯಿಲೆ ಎಂದು ಲೆಕ್ಕ), ಅದರ ಪಕ್ಕ ಕೆಂಪು ಶಾಯಿಯ ಪ್ರಶ್ನಾರ್ಥಕ ಚಿಹ್ನೆ. ಆಮೇಲೆ 2005, 2010, 2015, 2021, ನಾಲ್ಕೂ ಕಡೆ 'ಒಪ್ಪಲಿಲ್ಲ'. ಇಡೀ ಪುಸ್ತಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವುದು ಅದೊಂದೇ ಸಾಲಿನಲ್ಲಿ. ಮಾರ್ಚ್ ಮೂವತ್ತೊಂದಕ್ಕೆ ಶಹಜಾದಬಿಯ ಸೇವೆ ಮುಗಿಯುತ್ತದೆ. ಅಷ್ಟರೊಳಗೆ ಬೀರದೇವರ ರಕ್ತ ಸಿಗಬೇಕಿತ್ತು. ಬೇರೆ ಏನನ್ನೂ ಇವರು ಬೇಡಿರಲಿಲ್ಲ.

"ಅವರ ಹಲ್ಲ ಮುರದದ್ದು ನನ್ನಿಂದ್ರಿ" ಎನ್ನುತ್ತಾರೆ.

ಅದನ್ನು ಬಿಡಿಸಿ ಹೇಳಬೇಕು. ಮೊದಲ ಸುತ್ತಿನಲ್ಲಿ ತೆಲಸಂಗದ 96 ಜನರ ಪರೀಕ್ಷೆ ನಡೆಯಿತು. ಹದಿನೆಂಟು ಜನರಿಗೆ ಸಕ್ಕರೆ ಕಾಯಿಲೆ ಎಂದು ಬಂತು. ನಿಪ್ಪಾಣಿ ಪೇಟೆಯಲ್ಲೇ ನೂರಕ್ಕೆ ಒಂಬತ್ತು ಇದ್ದಾಗ, ಜೋಳದ ರೊಟ್ಟಿ ತಿಂದು ದಿನಕ್ಕೆ ಹತ್ತು ಮೈಲಿ ಕುರಿಯ ಹಿಂದೆ ನಡೆಯುವ ಊರಿನಲ್ಲಿ ನೂರಕ್ಕೆ ಹತ್ತೊಂಬತ್ತು. ಅಂದಿನ ಮುಖ್ಯಸ್ಥರು ಪುಳಕಿತರಾದರು. ಬರಗಾಲದಲ್ಲಿ ಗರ್ಭದಲ್ಲಿದ್ದವರ ದೇಹ ಹಸಿವಿಗೆ ಒಗ್ಗಿಹೋಗಿ, ಆಮೇಲೆ ಸಿಕ್ಕ ಅನ್ನವನ್ನು ತಾಳಲಾರದೆ ಹೀಗಾಗಿದೆ ಎಂದು ಒಂದು ವಾದ ಕಟ್ಟಿದರು. ದೊಡ್ಡ ಸಮ್ಮೇಳನಕ್ಕೆ ಭಾಷಣವೂ ತಯಾರಾಯಿತು. ಈ ಕಡೆ ಹದಿನೆಂಟು ಜನರ ಮನೆಗೆ, ನಿಮಗೆ ಸಕ್ಕರೆ ಕಾಯಿಲೆ ಇದೆ, ವೈದ್ಯರನ್ನು ಕಾಣಿರಿ ಎಂಬ ಚೀಟಿ ಹೋಯಿತು. ಚೀಟಿ ಹಂಚಿ, ಓದಿ ಹೇಳಿದವರು ಶಹಜಾದಬಿ.

ಬೀರದೇವರಿಗೆ ಆಗ ಮೂವತ್ತೊಂದು. ಯಾವುದೋ ದವಾಖಾನೆಯಲ್ಲಿ ಬರೆದುಕೊಟ್ಟ ಗುಳಿಗೆಯನ್ನು ದಿನಾ ಬೆಳಿಗ್ಗೆ ನುಂಗಿ ಕುರಿಯ ಹಿಂದೆ ಹೋಗುತ್ತಿದ್ದರು. ಹದಿನೈದನೇ ದಿನವೋ ಹದಿನಾರನೇ ದಿನವೋ ಉಪ್ಪಿಟ್ಟೂ ತಿನ್ನದೆ ಹೋದವರು, ನಡುಮಧ್ಯಾಹ್ನ ಕೈಕಾಲು ನಡುಗಿ, ಬೆವೆತು, ಬಂಡೆಯ ಮೇಲೆ ಮುಖ ಅಡಿಯಾಗಿ ಬಿದ್ದರು. ರಕ್ತದಲ್ಲಿನ ಸಕ್ಕರೆ ಪಾತಾಳಕ್ಕಿಳಿದಿತ್ತು. ಬೇರೆ ಕುರಿಗಾರರು ನೋಡಿ ಬಾಯಿಗೆ ಬೆಲ್ಲದ ನೀರು ಹಾಕುವಷ್ಟರಲ್ಲಿ ಮುಂದಿನ ಎರಡು ಹಲ್ಲು ಹೋಗಿದ್ದವು. ನಾಲ್ಕು ಮರಿಗಳನ್ನು ತೋಳ ಒಯ್ದಿತ್ತು.

ಸುದ್ದಿ ತಿಳಿದು ಶಹಜಾದಬಿ ತಾವಾಗಿಯೇ ನೋಡಲು ಹೋದರು. ಬೀರದೇವರ ತಾಯಿ ಸತ್ತೆವ್ವ ಒಲೆಯ ಮುಂದೆ ಕೂರಿಸಿ, ಕೇಳುವ ಮೊದಲೇ ಬಸಿಗೆ ಚಹಾ ಸುರಿದರು. ಅಂಟುವಷ್ಟು ಸಿಹಿ. ಮಾತಿಗೆ ಮಾತು ಬಂದು, ರಕ್ತ ಕೊಟ್ಟ ದಿನ ಮಗ ಏನು ತಿಂದಿದ್ದ ಎಂದು ಇವರು ಕೇಳಿದರು. ಏನೂ ತಿಂದಿರಲಿಲ್ಲ ಎಂದರು ಸತ್ತೆವ್ವ. ಎರಡು ಸಲ ಚಹಾ ಕುಡಿದಿದ್ದ, ಅಷ್ಟೇ.

"ನಾ ಅಂದ್ಯಾ, ಚಾ ಯಾಕ ಕೊಟ್ರಿ ಯವ್ವಾ, ಖಾಲಿ ಹೊಟ್ಟೀಲೆ ಬರ್ರಿ ಅಂದಿದ್ವೆಲ್ಲ ಅಂತ. ಅದಕ್ಕ ಆಕಿ, ಖಾಲಿ ಹೊಟ್ಟೀಲೆನ ಬಂದಿದ್ನಲ್ಲ, ಚಾ ಅಂದ್ರ ಊಟ ಏನ, ಮಾರಿ ತೊಳಕೊಂಡ ಕೂಡ್ಲೆ ಕುಡಿಯೂದು ಅಂದ್ಳು. ನನ್ನ ಕೈಯಾಗಿನ ಬಸಿ ಅಲ್ಲೇ ನಿಂತಿತ್ರಿ."

ಯಾರೂ ಸುಳ್ಳು ಹೇಳಿರಲಿಲ್ಲ. ಫಾರಂನಲ್ಲಿದ್ದ ಪ್ರಶ್ನೆ 'ಕೊನೆಯ ಬಾರಿ ಆಹಾರ ಸೇವಿಸಿದ್ದು ಯಾವಾಗ' ಎಂದು. ಜನ ನಿನ್ನೆ ಸಂಜೆಯ ರೊಟ್ಟಿಯ ಹೊತ್ತು ಹೇಳಿದ್ದರು. ಈ ಸೀಮೆಯಲ್ಲಿ ಚಹಾವನ್ನು ಯಾರೂ ತಿನ್ನುವ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೇರೆ ಊರುಗಳಲ್ಲಿ ತಂಡ ಬೆಳಗಾಗುವ ಮೊದಲೇ ಮುಟ್ಟುತ್ತಿದ್ದರಿಂದ ಈ ತಪ್ಪು ಅಷ್ಟಾಗಿ ನಡೆದಿರಲಿಲ್ಲ. ತೆಲಸಂಗ ಚಿಕ್ಕೋಡಿಯಿಂದ ಎರಡು ಗಂಟೆಗೂ ಮೀರಿದ ದಾರಿ. ಜೀಪು ಮುಟ್ಟುವಾಗ ಒಂಬತ್ತಾಗಿರುತ್ತಿತ್ತು. ಅಷ್ಟೊತ್ತಿಗೆ ಊರಿನ ಹೊಟ್ಟೆಯೊಳಗೆ ಎರಡೆರಡು ಬಸಿ ಸಕ್ಕರೆ ಪಾಕ ಇಳಿದಿರುತ್ತಿತ್ತು.

ಮೂರು ತಿಂಗಳ ಕೆಲಸವನ್ನು ಇನ್ನಾರು ತಿಂಗಳಿಗೆ ಮುಂದುವರಿಸಿದ್ದರಷ್ಟೆ, ಅಂಥ ಹೊತ್ತಿನಲ್ಲಿ ಒಬ್ಬ ಸಹಾಯಕಿ ಮುಖ್ಯಸ್ಥರ ಕೋಣೆಗೆ ಹೋಗಿ, ಸಾಹೇಬ್ರ, ತೆಲಸಂಗದ ಲೆಕ್ಕ ತಪ್ಪಾಗೇತ್ರಿ ಎಂದು ಹೇಳುವುದು ಸುಲಭವಲ್ಲ. "ಏನ ಓದೀಯವಾ ಅಂತ ಕೇಳಿದ್ರು. ಎಸ್ಸೆಸ್ಸೆಲ್ಸಿರಿ ಅಂದ್ಯಾ. ಹೊರಗ ಹೋಗು ಅಂದ್ರು. ಬಂದ್ಯಾ." ಮನೆಗೆ ಬಂದು ಇಬ್ರಾಹಿಮರಿಗೆ, ನಾಳೆಯಿಂದ ಮತ್ತೆ ಕಂಡಿಕೆ ಸುತ್ತಲು ಬರುತ್ತೇನೆ ಎಂದು ಹೇಳಿಯೂ ಆಗಿತ್ತು. ಆದರೆ ಮೂರನೇ ದಿನ ಆ ಮುಖ್ಯಸ್ಥರು ತಾವೇ ನಸುಕಿನಲ್ಲಿ ಜೀಪು ಹತ್ತಿ ತೆಲಸಂಗಕ್ಕೆ ಹೋಗಿ, ಹೋಟೆಲಿನ ಮುಂದಿನ ಬೆಂಚಿನ ಮೇಲೆ ಎರಡು ತಾಸು ಸುಮ್ಮನೆ ಕುಳಿತು ಊರನ್ನು ನೋಡಿದರು. ತಿರುಗಿ ಬಂದು ಭಾಷಣ ರದ್ದು ಮಾಡಿದರು. ಈಗ ಅವರಿಲ್ಲ. ಆ ಎರಡು ತಾಸಿಗಾಗಿ ಅವರ ಮೇಲೆ ನನಗೆ ಗೌರವವಿದೆ.

ಮರುಪರೀಕ್ಷೆಯಲ್ಲಿ ಹದಿನೇಳು ಜನ ಮತ್ತೆ ಕೈ ಕೊಟ್ಟರು. ಐವರಿಗೆ ಮಾತ್ರ ಕಾಯಿಲೆ ಇತ್ತು, ಹನ್ನೆರಡು ಜನರಿಗೆ ಇರಲಿಲ್ಲ. ಹದಿನೆಂಟನೆಯವರು ಬೀರದೇವ. ಅವರು ಒಪ್ಪಲಿಲ್ಲ. ಕಾಲೇಜಿನಿಂದ 'ತಾಂತ್ರಿಕ ಕಾರಣಗಳಿಂದ' ಎಂದು ಶುರುವಾಗುವ ಒಂದು ಕಾಗದ ಅವರಿಗೆ ಹೋಯಿತು. ಅವರಿಗೆ ಓದು ಬರುವುದಿಲ್ಲ, ಆಗ ಓದಿ ಹೇಳಿಸಿಕೊಳ್ಳಲೂ ಇಲ್ಲ. ಹಾಗಾಗಿ 134ರ ಪಕ್ಕ ಆ ಚಿಹ್ನೆ ಉಳಿಯಿತು.

ಅಂದಿನಿಂದ ಫಾರಂನ ಆರನೇ ಪ್ರಶ್ನೆ ಬದಲಾಗಿದೆ. 'ಎದ್ದ ಮೇಲೆ ಬಾಯಿಗೆ ಏನೇನು ಹೋಗಿದೆ?' ಅದರ ಕೆಳಗೊಂದು ಪಟ್ಟಿ: ಚಹಾ, ಹಾಲು, ಬೆಲ್ಲದ ನೀರು, ಎಲೆ ಅಡಿಕೆ, ತಂಬಾಕು, ಹಲ್ಲಿಗೆ ತಿಕ್ಕುವ ಮಶೇರಿ, ಗುಡಿಯ ತೀರ್ಥ, ಪ್ರಸಾದದ ಸಕ್ಕರೆ, ಗದ್ದೆಯಲ್ಲಿ ಮುರಿದು ಅಗಿದ ಕಬ್ಬು. ಪಟ್ಟಿ ಮಾಡಿದವರು ಶಹಜಾದಬಿ. ಕಬ್ಬು ಸೇರಿದ್ದು ಉಗಾರದ ಹತ್ತಿರ ಒಬ್ಬರು ಸಿಕ್ಕಿಬಿದ್ದ ಮೇಲೆ. ರಂಜಾನಿನಲ್ಲಿ ತಮ್ಮವರ ಮನೆಗಳಿಗೆ ಇವರು ಬೆಳಿಗ್ಗೆ ಹೋಗುವುದಿಲ್ಲ, ಮನೆಯವರೆಲ್ಲ ನಸುಕಿನಲ್ಲಿ ಸಹರಿ ಉಂಡಿರುತ್ತಾರೆ. ಸಂಜೆ ರೋಜಾದ ಉಪವಾಸ ಬಿಡುವ ಸ್ವಲ್ಪ ಮುಂಚೆ ಇವರು ಹೋಗುತ್ತಾರೆ. ಇದನ್ನೂ ಯಾವ ಪ್ರಾಧ್ಯಾಪಕರೂ ಹೇಳಿಕೊಟ್ಟದ್ದಲ್ಲ.

ಮುಂದಿನ ಸುತ್ತುಗಳಲ್ಲಿ ಜೀಪು ರಾತ್ರಿಯೇ ಹೊರಟು ನಸುಕಿಗೆ ಊರು ಮುಟ್ಟುವಂತಾಯಿತು. ಜೀಪಿನಲ್ಲೇ ರಕ್ತ ಗಿರಗಿರನೆ ತಿರುಗಿಸಿ ಬೇರ್ಪಡಿಸುವ ಯಂತ್ರ ಬಂತು. 2010ರಲ್ಲಿ, ಹಿಂದಿನ ಮೂರು ತಿಂಗಳ ಸರಾಸರಿಯನ್ನೇ ತೋರಿಸುವ ಪರೀಕ್ಷೆ. ಆಮೇಲೆ ಕಣ್ಣಿನ ಹಿಂಬದಿಯ ಫೋಟೊ, ಪಾದಕ್ಕೆ ನೈಲಾನ್ ಎಳೆ ಮುಟ್ಟಿಸಿ ಸ್ಪರ್ಶಜ್ಞಾನ ನೋಡುವುದು. ಪ್ರಶ್ನೆಗಳೂ ಬದಲಾದವು. ಮೊದಲು ಎಷ್ಟು ಜನರಿಗಿದೆ ಎಂದು ಕೇಳುತ್ತಿದ್ದ ವಿಭಾಗ, ಈಗ ತೆಳ್ಳಗಿರುವವರಿಗೂ ಯಾಕೆ ಬರುತ್ತದೆ ಎಂದು ಕೇಳುತ್ತಿದೆ. "ಮೊದಲ ದಪ್ಪನ್ನವರನ್ನ ನೋಡಿ, ಇವರಿಗಿ ಇರತೈತಿ ಅಂತಿದ್ವಿ. ಈಗ ಬಡಕ ಇದ್ದವರ ಮನಿಗೆ ಹೋಗೂ ಮುಂದ ಎದಿ ಡಬಡಬ ಅಂತೈತ್ರಿ" ಎನ್ನುತ್ತಾರೆ ಶಹಜಾದಬಿ.

ಇತ್ತೀಚಿನದು ತೋಳಿಗೆ ಅಂಟಿಸುವ ಬಿಲ್ಲೆ. ಹದಿನಾಲ್ಕು ದಿನ ಅಲ್ಲೇ ಇದ್ದು, ಸಕ್ಕರೆಯ ಏರಿಳಿತವನ್ನು ಗಳಿಗೆ ಗಳಿಗೆಗೂ ದಾಖಲಿಸುತ್ತದೆ. ವಿಭಾಗದ ಈಗಿನ ಮುಖ್ಯಸ್ಥೆ ಡಾ. ಕುಸುಮ - ಮೊದಲ ದಿನ ಶಹಜಾದಬಿಗೆ ನೀರು ಕುಡಿಸಿದ ಡಾಕ್ಟರ ಬಾಯಿ ಇವರೇ - ತಮ್ಮ ಕಂಪ್ಯೂಟರಿನಲ್ಲಿ ಒಂದು ಗೆರೆ ತೋರಿಸುತ್ತಾರೆ. ಬೆಳಗಿನ ಐದಕ್ಕೆ ನೆಟ್ಟಗಿದ್ದ ಗೆರೆ ಐದೂವರೆಗೆ ದಿಢೀರನೆ ಮೇಲೇಳುತ್ತದೆ. "ಇದು ಚಹಾ. ಈ ಗುಡ್ಡವನ್ನು ನಾವು ಯಂತ್ರದಲ್ಲಿ ನೋಡಿ ನಾಲ್ಕು ವರ್ಷ ಆಯ್ತು. ಶಹಜಾದಬಿ ಒಲೆ ಮುಂದ ಕೂತು ನೋಡಿ ಇಪ್ಪತ್ತೈದು ವರ್ಷ ಆಯ್ತು" ಎನ್ನುತ್ತಾರೆ. ಹಾಗಾದರೆ ಪ್ರಬಂಧದಲ್ಲಿ ಅವರ ಹೆಸರು ಯಾಕಿಲ್ಲ ಎಂದು ಕೇಳಿದೆ. "ಇರಬೇಕಿತ್ತು" ಎಂದರು ಡಾ. ಕುಸುಮ. ಆರನೇ ಸುತ್ತಿನ ಪ್ರಬಂಧದಲ್ಲಿ ಹಾಕುತ್ತೇವೆ ಎಂದೂ ಹೇಳಿದರು. ನಾನು ನೆನಪಿಟ್ಟುಕೊಂಡಿದ್ದೇನೆ.

ಈ ಡಿಸೆಂಬರಿನಲ್ಲಿ ಶಹಜಾದಬಿ ತೆಲಸಂಗದ ಸುತ್ತು ಶುರು ಮಾಡಿದಾಗ ಬೀರದೇವ ಕುಂಟುತ್ತಿದ್ದರು. ಬಲಗಾಲಿನ ಹೆಬ್ಬೆರಳಿಗೆ ಜಾಲಿಯ ಮುಳ್ಳು ಚುಚ್ಚಿ ಮೂರು ತಿಂಗಳಾಗಿತ್ತು. ಬಟ್ಟೆ ಸುತ್ತಿದ ಗಾಯ ಮಾಯುತ್ತಿರಲಿಲ್ಲ. ಮುಳ್ಳು ಚುಚ್ಚಿದ್ದೂ ಗೊತ್ತಾಗಿರಲಿಲ್ಲ, ರಕ್ತ ನೋಡಿದ ಮೇಲೆ ತಿಳಿಯಿತು ಎಂದು ಅವರೇ ಮಾತಿನ ನಡುವೆ ಅಂದಿದ್ದರು. ಅದರ ಅರ್ಥ ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿದವರಿಗೆ ಬೇರೆಯವರು ಬಿಡಿಸಿ ಹೇಳಬೇಕಿಲ್ಲ. ಹೀಗೇ ಬಿಟ್ಟರೆ ಬೆರಳು ಹೋಗುತ್ತದೆ, ಆಮೇಲೆ ಪಾದ. ಆದರೆ ನಿಮಗೆ ಸಕ್ಕರೆ ಇರಬಹುದು ಎಂದು ಆ ಮನೆಯಲ್ಲಿ ಹೇಳುವ ಬಾಯಿ ಇವರಿಗಿಲ್ಲ. "ಒಮ್ಮಿ ಹೇಳಿ ಆಗೇತಲ್ರಿ. ಇನ್ನೊಮ್ಮಿ ಯಾವ ಮಾರೀಲೆ ಹೇಳ್ಲಿ?"

ನಾಲ್ಕು ಬೆಳಗು ಹೋದರು. ನಾಲ್ಕೂ ಸಲ ಬೀರದೇವ ಮರ್ಯಾದೆಯಿಂದಲೇ ಬರಮಾಡಿಕೊಂಡರು. "ಚಾ ಕುಡೀರಿ, ರಗತ ಅಷ್ಟ ಕೇಳಬ್ಯಾಡ್ರಿ" ಎಂದರು. ಇವರು ಮೊದಲ ದಿನ ಎಪ್ಪತ್ತೆಂಟರ ಸತ್ತೆವ್ವನ ರಕ್ತ ತೆಗೆದುಕೊಂಡು, ನಾಲ್ಕೂ ದಿನ ಚಹಾ ಕುಡಿದು, ಗಾಯಕ್ಕೆ ಹೊಸ ಪಟ್ಟಿ ಕಟ್ಟಿ ಬಂದರು. ಡಾ. ಕುಸುಮ ಒಮ್ಮೆ ಫೋನಿನಲ್ಲಿ ಮಾತಾಡಿದರೂ ಉಪಯೋಗವಾಗಲಿಲ್ಲ.

ಐದನೇ ಸಲ ಹೋದದ್ದು ಜನವರಿಯ ಮೂರನೇ ಮಂಗಳವಾರ. ಜೊತೆಗೆ ನಾನಿದ್ದೆ. ಹಟ್ಟಿಯ ಮುಂದೆ ಕಂಬಳಿ ಹೊದ್ದು ಕಲ್ಲಿನ ಮೇಲೆ ಕೂತಿದ್ದ ಬೀರದೇವ, ಇವರು ಪಟ್ಟಿ ಬಿಚ್ಚಿ ಗಾಯ ತೊಳೆಯುವಾಗ ತಮ್ಮ ಪಾದವನ್ನು ನೋಡುತ್ತಾ ಕೇಳಿದರು.

"ಆವತ್ತಿನ ತಪ್ಪು ಯಾರದ್ದರಿ?"

"ನಂದ್ರಿ."

"ನಿಮ್ಮ ಸಾಹೇಬ್ರು ಮಿಶಿನ್ನಿನ ತಪ್ಪ ಅಂದ್ರಂತ. ಕಾಗದದಾಗೂ ಹಂಗ ಬರದಿತ್ತಂತ."

"ಮಿಶಿನ್ನು ಸರಿ ಇತ್ರಿ. ಫಾರಂ ಅವರದ್ದು, ಖರೇ. ಓದಿ ಕೇಳಾಕಿ ನಾನಿದ್ದೆ. ಚಾ ಕುಡದೀರೇನು ಅಂತ ಒಂದ ಮಾತ ಕೇಳಬೇಕಿತ್ತು. ನಾನೂ ಮನ್ಯಾಗ ಚಾ ಕುಡದ ಬರಾಕಿ, ನಂಗ ಗೊತ್ತಿರಬೇಕಿತ್ರಿ. ಕೇಳ್ಲಿಲ್ಲ."

ಕುರಿಗಳು ದಡ್ಡಿಯೊಳಗೆ ಗದ್ದಲ ಶುರುಮಾಡಿದ್ದವು. ಒಳಗಿನಿಂದ ಸತ್ತೆವ್ವ ಚಹಾದ ಬಸಿ ತಂದು ಮಗನ ಮುಂದೆ ಹಿಡಿದರು. ಅವರು ತೆಗೆದುಕೊಳ್ಳಲಿಲ್ಲ. ಕಂಬಳಿಯಿಂದ ಬಲಗೈ ಹೊರತೆಗೆದು, ತೋಳು ಮೇಲೇರಿಸಿ, "ಇನ್ನ ಏನೂ ಹೋಗಿಲ್ರಿ ಬಾಯಾಗ. ನೀರೂ ಇಲ್ಲ. ತಗೋರಿ" ಎಂದರು.

ಹನ್ನೊಂದು ಸಾವಿರ ಸಲ ನರ ಹುಡುಕಿದ ಕೈ ಅಂದು ಎರಡು ಸಲ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ ಬಿಚ್ಚಿತು. ಬೂದು ಮುಚ್ಚಳದ ನಳಿಕೆ, ನೇರಳೆ ಮುಚ್ಚಳದ ನಳಿಕೆ. ಎರಡನ್ನೂ ನಿಧಾನವಾಗಿ ಎಂಟೆಂಟು ಸಲ ಮೇಲೆ ಕೆಳಗೆ ಮಾಡಿ ಐಸಿನಲ್ಲಿಟ್ಟರು. ಜೀಪಿನಲ್ಲಿ ಚಿಕ್ಕೋಡಿ ಬರುವ ತನಕ ಪೆಟ್ಟಿಗೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಫಲಿತಾಂಶ ಮರುದಿನ ಬಂತು. 212. ಒಂದೇ ಪರೀಕ್ಷೆಯನ್ನು ನಂಬಿ ಚೀಟಿ ಕೊಡುವ ಕಾಲ ಹೋಯಿತು. ಗುರುವಾರ ಮತ್ತೆ ಹೋಗಿ ರಕ್ತ ತಂದರು. 204. ಮೂರು ತಿಂಗಳ ಸರಾಸರಿಯ ಪರೀಕ್ಷೆಯೂ ಅದನ್ನೇ ಹೇಳಿತು. ಮೂವತ್ತೊಂದರ ವಯಸ್ಸಿನಲ್ಲಿ ಬೀರದೇವರಿಗೆ ಈ ಕಾಯಿಲೆ ಇತ್ತೋ ಇಲ್ಲವೋ ಇನ್ನು ಯಾರಿಗೂ ತಿಳಿಯುವುದಿಲ್ಲ. ಐವತ್ತೇಳರಲ್ಲಿ ಇದೆ. ಅವರ ಒಪ್ಪಿಗೆ ಪಡೆದೇ ಈ ಅಂಕಿಗಳನ್ನು ಬರೆಯುತ್ತಿದ್ದೇನೆ.

ಶನಿವಾರ ಡಾ. ಕುಸುಮ ತಾವೇ ಹೊರಟರು. ಗಾಯ ನೋಡಬೇಕಿತ್ತು, ಔಷಧ ಬರೆಯಬೇಕಿತ್ತು. ಹಟ್ಟಿಯ ಮುಂದೆ ಇಳಿದಾಗ ಶಹಜಾದಬಿ ಅವರನ್ನು ತಡೆದು, "ಬಾಯಾರ, ಮೊದ್ಲ ಸಲ ಹೇಳಿದಾಕಿ ನಾನು. ಈ ಸಲನೂ ನಾನ ಹೇಳತೀನ್ರಿ" ಎಂದರು. ಡಾ. ಕುಸುಮ ಎರಡು ಹೆಜ್ಜೆ ಹಿಂದೆ ನಿಂತರು.

ಶಹಜಾದಬಿ ಬೀರದೇವರ ಎದುರು ನೆಲದ ಮೇಲೆ ಕೂತು, ಸುತ್ತಿ ಬಳಸದೆ ಹೇಳಿದರು. ಸಕ್ಕರೆ ಇದೆ, ಎಷ್ಟಿದೆ, ಗಾಯ ಮಾಯದಿರುವುದು ಅದಕ್ಕೇ, ಈಗಲೇ ಶುರು ಮಾಡಿದರೆ ಪಾದ ಉಳಿಯುತ್ತದೆ. ಬೀರದೇವ ಪೂರ್ತಿ ಕೇಳಿದರು.

"ಈ ಸಲ ಖರೇನ ಏನ್ರಿ?"

"ಖರೇನ್ರಿ. ಎರಡ ದಿನದ ರಗತ ನೋಡೀವಿ. ಎರಡೂ ದಿನ ನೀವು ಚಾ ಕುಡದಿರಲಿಲ್ಲ."

ಬೀರದೇವ ತಾಯಿಯ ಕಡೆ ನೋಡಿದರು. ಸತ್ತೆವ್ವ ತಲೆಯಾಡಿಸಿದರು.

"ಹಂಗಾರ ಗುಳಿಗಿ ಯಾವಾಗ ತಗೋಬೇಕು, ನೀವ ಹೇಳ್ರಿ" ಎಂದರು ಬೀರದೇವ.

ಮುಂದಿನ ಅರ್ಧ ಗಂಟೆ ಡಾ. ಕುಸುಮ ಅವರದು. ಗಾಯದ ಸತ್ತ ಚರ್ಮ ತೆಗೆದರು, ಔಷಧ ಬರೆದರು, ಇದು ಹಳೆಯ ಆ ಗುಳಿಗೆ ಅಲ್ಲ ಎಂದು ಎರಡು ಸಲ ಹೇಳಿದರು. ಉಂಡ ಮೇಲೆಯೇ ನುಂಗಬೇಕು, ಬರಿ ಹೊಟ್ಟೆಯಲ್ಲಿ ಕುರಿಯ ಹಿಂದೆ ಹೋಗಬಾರದು ಎಂದು ಶಹಜಾದಬಿ ಮೂರನೇ ಸಲ ಹೇಳಿದರು.

ಹಿಂತಿರುಗುವ ದಾರಿಯಲ್ಲಿ, ಅಥಣಿ ದಾಟಿದ ಮೇಲೆ, ಶಹಜಾದಬಿ ನೋಂದಣಿ ಪುಸ್ತಕ ತೆಗೆದರು. ಜೀಪು ಕುಲುಕುತ್ತಿದ್ದುದರಿಂದ ಬದಿಗೆ ನಿಲ್ಲಿಸಲು ಹೇಳಿ, 417ನೇ ಸಾಲಿನಲ್ಲಿ, ನಾಲ್ಕು 'ಒಪ್ಪಲಿಲ್ಲ'ಗಳ ಮುಂದೆ, ಎರಡೂ ಅಂಕಿಗಳನ್ನು ಶಾಯಿಯಲ್ಲಿ ಬರೆದರು. ಇಷ್ಟು ವರ್ಷ ಕಾದದ್ದಕ್ಕೆ ಇಂಥ ಅಂಕಿ ಸಿಕ್ಕಿತಲ್ಲ, ಬೇಸರವಾಯಿತೇ ಎಂದು ನಾನು ಕೇಳಿದೆ. ಕೇಳಬಾರದಿತ್ತೇನೋ. ಅವರು ಶಾಯಿ ಒಣಗುವ ತನಕ ಪುಸ್ತಕ ಮುಚ್ಚದೆ ಕೂತಿದ್ದರು.

"ನಂಬರ ಚಲೋ ಇಲ್ರಿ" ಎಂದರು. "ಆದ್ರ ಖರೇ ಐತಿ."